ಒಡಹುಟ್ಟಿದವನ ಕಲ್ಲು

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಊರಿನ ಹಳೆಯ ಸ್ಮಶಾನದಲ್ಲಿ ಒಂದು ಬದಿ ಆಫ್ರಿಕನ್ ಮೂಲದವರದ್ದು. 'ಗಾಡ್ಸ್ ಲಿಟಲ್ ಏಕರ್' ಅಂತ ಅದನ್ನು ಕರೀತಾರೆ. ಅಲ್ಲಿನ ಒಂದು ಸ್ಲೇಟ್ ಕಲ್ಲಿನ ಬರಹದ ತಾತ್ಪರ್ಯ ಇಷ್ಟು: ಇದನ್ನು ಕಡೆದವನು ಪಾಂಪಿ ಸ್ಟೀವನ್ಸ್, ತನ್ನ ಒಡಹುಟ್ಟಿದ ಕಫಿ ಗಿಬ್ಸ್‌ನ ನೆನಪಿಗೆ, ಕಫಿ 1768ರ ಡಿಸೆಂಬರ್ 27ರಂದು, 40ನೆಯ ವಯಸ್ಸಿನಲ್ಲಿ ತೀರಿಕೊಂಡ.

ಶಾಸನ ಓದಿ ರೂಢಿಯಿರುವವರಿಗೆ ಮೊದಲು ಕಣ್ಣಿಗೆ ಬೀಳೋದು ಪಾಠದ ಕ್ರಮ. ನಮ್ಮ ಶಾಸನಗಳಲ್ಲಿ ಬರೆದವನ, ಕಂಡರಿಸಿದವನ ಹೆಸರು ಸಾಮಾನ್ಯವಾಗಿ ಕೊನೆಗೆ ಬರುತ್ತೆ. ಇಲ್ಲಿ ಕಡೆದವನು ಮೊದಲು, ಸತ್ತವನು ಆಮೇಲೆ. ಪಾಂಪಿ ಆ ಊರಿನ ಸ್ಟೀವನ್ಸ್ ಮನೆತನದ ಕಲ್ಲುಕೆತ್ತನೆಯ ಅಂಗಡಿಯಲ್ಲಿ ದುಡಿಯುತ್ತಿದ್ದ ಗುಲಾಮ. ಹಾಗಾಗಿ ಈ ಕಲ್ಲಿನ ಮಾತು ಬಂದಾಗೆಲ್ಲ 'ಗುಲಾಮ ಶಿಲ್ಪಿಯ ಸಹಿ' ಅನ್ನೋ ಅಚ್ಚರಿಯೇ ಮುಂದೆ ನಿಲ್ಲುತ್ತೆ. ನನ್ನ ತಕರಾರು ಅಲ್ಲೇ. ಸಹಿ ಉಳೀತು, ಕಫಿ ಎಲ್ಲಿ ಹೋದ?

ಬರೀ ಪಾಠ ಹಿಡಿದು ಓದಿದಾಗ ನಾನೂ ಎಡವಿದೆ. ಒಡಹುಟ್ಟಿದವರು ಅಂತಿದೆ, ಮನೆತನದ ಹೆಸರು ಬೇರೆ ಬೇರೆ; 'ಸಹೋದರ' ಅನ್ನೋದು ಗೌರವದ ಮಾತಿರಬೇಕು ಅನ್ಕೊಂಡೆ. ಆದರೆ ಸ್ಟೀವನ್ಸ್, ಗಿಬ್ಸ್ ಎರಡೂ ಒಡೆಯರ ಹೆಸರುಗಳು! ಹೆಸರು ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯಾಗೋದಿಲ್ಲ. ಇಬ್ಬರು ಒಡೆಯರ ಸೊತ್ತಾಗಿ ಹಂಚಿಹೋದವರನ್ನು ಆ ಕಲ್ಲು ಒಂದೇ ವಾಕ್ಯದಲ್ಲಿ ಕೂಡಿಸಿದೆ. ಕಫಿ ಅನ್ನೋದಂತೂ ಪಶ್ಚಿಮ ಆಫ್ರಿಕದ ಅಕಾನ್ ಜನ ಶುಕ್ರವಾರ ಹುಟ್ಟಿದ ಗಂಡುಮಗುವಿಗೆ ಇಡುವ 'ಕೋಫಿ'. ಒಡೆಯನ ಹೆಸರಿನ ಪಕ್ಕದಲ್ಲೇ ತಾಯ್ನಾಡಿನ ಹೆಸರು ಉಳಿದುಕೊಂಡಿದೆ.

ಇಂಥ ಓದಿಗೆ ಅಕ್ಷರಜ್ಞಾನ ಸಾಲದು, ಸಮುದಾಯ ಕಾಪಾಡಿದ ನೆನಪು ಬೇಕು. ಕಫಿ ತೀರಿಕೊಂಡು 12 ವರ್ಷದ ಮೇಲೆ, 1780ರಲ್ಲಿ, ನ್ಯೂಪೋರ್ಟಿನ ಕಪ್ಪು ಜನರು 'ಫ್ರೀ ಆಫ್ರಿಕನ್ ಯೂನಿಯನ್ ಸೊಸೈಟಿ' ಕಟ್ಟಿಕೊಂಡರು. ತಮ್ಮವರ ಹುಟ್ಟು, ಮದುವೆ, ಸಾವುಗಳ ದಾಖಲೆಯನ್ನು ತಾವೇ ಇಟ್ಟರು. ಒಡೆಯರ ಲೆಕ್ಕದಲ್ಲಿ ಬರೀ ಬೆಲೆಯಾಗಿದ್ದವರು ಇಲ್ಲಿ ಗಂಡ, ಹೆಂಡತಿ, ಮಗು. ಆ ಸೊಸೈಟಿಯ ನಡಾವಳಿ 1976ರಲ್ಲಿ ಅಚ್ಚಾಯಿತು.

ಸ್ಲೇಟ್ ಕಲ್ಲು ಪದರ ಪದರವಾಗಿ ಕಳಚುತ್ತೆ, ಅದರ ಜೊತೆಗೆ ಅಕ್ಷರವೂ. ಫೋಟೋ, ಪಡಿಯಚ್ಚು ಖಂಡಿತ ಬೇಕು. ಆದರೆ ಅಷ್ಟಕ್ಕೇ ನಿಂತರೆ ನಮ್ಮ ಕೈಲಿ ಉಳಿಯೋದು ಎರಡು ಹೆಸರು, ಒಂದು ತಾರೀಖು. ಅವರು ಒಡಹುಟ್ಟಿದವರು ಅನ್ನೋದನ್ನ ನಂಬೋಕೆ ಅವರ ಜನ ಬರೆದಿಟ್ಟದ್ದನ್ನೂ ಓದಬೇಕು.