'ಸೋಲಗರ್ ತೊಟ್ಟಿ' ಮತ್ತು ಕನ್ನಡದ ವೀರಪ್ಪನ್ ಕಥನಗಳು

ಮಸಿನಗುಡಿಯ ಆಚೆ ಆಳದ ಕಂದರದಲ್ಲಿ ಹರಿಯುವ ಮೋಯಾರ್ ನದಿ ನೀಲಗಿರಿಯನ್ನು ತಲಮಲೆಯಿಂದ ಬೇರ್ಪಡಿಸುತ್ತದೆ. ನದಿಯ ಉತ್ತರದ ಕಾಡುಗಳಲ್ಲಿ ವಾಸಿಸುವ ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ವೀರಪ್ಪನ್ ಶೋಧದ ಹೆಸರಿನಲ್ಲಿ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಅವರ ಮೇಲೆ ನಡೆಸಿದ ವಿಚಾರಣೆಯನ್ನು ಕುರಿತು ಎದ್ದು ಕಾಣುವ ಕಾದಂಬರಿ ಮಾತ್ರ ತಮಿಳಿನದು: ವಕೀಲರೂ ಮಾನವ ಹಕ್ಕುಗಳ ಕಾರ್ಯಕರ್ತರೂ ಆದ ಎಸ್. ಬಾಲಮುರುಗನ್ ಅವರ 'ಸೋಲಗರ್ ತೊಟ್ಟಿ' (2004). ತೊಟ್ಟಿ ಎಂದೊಡನೆ ಕನ್ನಡ ಓದುಗರಿಗೆ ತೊಟ್ಟಿಮನೆ ನೆನಪಾದೀತು. ಇಲ್ಲಿ ಅದು ಕಾಡಿನ ಹಟ್ಟಿ, ಬಿಳಿಗಿರಿರಂಗನ ಬೆಟ್ಟದವರು ಪೋಡು ಎನ್ನುವುದು.

ಕನ್ನಡದ ವೀರಪ್ಪನ್ ಕಥನಗಳ ನೋಟವು ಬಹುಮಟ್ಟಿಗೆ ಅಪಹೃತರ ನೋಟ. 1997ರಲ್ಲಿ ಬಂಡೀಪುರದಿಂದ ಒಯ್ಯಲ್ಪಟ್ಟ ಕೃಪಾಕರ–ಸೇನಾನಿ ಬರೆದ ಹದಿನಾಲ್ಕು ದಿನಗಳ ಅನುಭವ ಕಥನ ಇವುಗಳಲ್ಲಿ ಶ್ರೇಷ್ಠವಾದುದು; ಅದರ ವಿನೋದ ಸೆರೆ ಹಿಡಿದವನನ್ನೂ ಮನುಷ್ಯನನ್ನಾಗಿ ಕಾಣುತ್ತದೆ. 2000ದಲ್ಲಿ ರಾಜ್‌ಕುಮಾರ್ ಕಾಡಿನಲ್ಲಿ ಕಳೆದ 108 ದಿನಗಳಂತೂ ನಾಡಿನ ಸಾಮೂಹಿಕ ನೆನಪು. ಆ ನೆನಪಿನ ಅಂಚಿನಲ್ಲಿ 'ಟಾಡಾ ಕೈದಿಗಳು' ಎಂಬ ಹೆಸರಿಲ್ಲದ ಗುಂಪೊಂದು ಬಂದುಹೋಗುತ್ತದೆ. ಅವರ ಬಿಡುಗಡೆ ಅಪಹರಣಕಾರರ ಬೇಡಿಕೆಯಾಗಿತ್ತು. ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆಯ ಮೊರೆಯ ಮೇಲೆ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ತಂದೆಯ ವಾದ ನ್ಯಾಯವಾದುದೇ. ಆದರೆ ಮರುವರ್ಷ ಮೈಸೂರಿನ ವಿಶೇಷ ನ್ಯಾಯಾಲಯ ಟಾಡಾ ಆರೋಪಿಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಖುಲಾಸೆಗೊಳಿಸಿದಾಗ, ವರ್ಷಗಟ್ಟಲೆ ಸೆರೆಮನೆಯಲ್ಲಿದ್ದ ಇವರು ಯಾರೆಂಬ ಕುತೂಹಲ ಕನ್ನಡದ ಕಥನಲೋಕದಲ್ಲಿ ಹುಟ್ಟಲಿಲ್ಲ.

ಬಾಲಮುರುಗನ್ ಅವರ ಕೃತಿ ಆ ಕುತೂಹಲದಿಂದಲೇ ಹೊರಡುತ್ತದೆ. ಅದರ ಬಲವಿರುವುದು ಪೊಲೀಸರು ಬರುವುದಕ್ಕೆ ಮುಂಚಿನ ಪುಟಗಳಲ್ಲಿ. ಹಟ್ಟಿಯ ಬೇಸಾಯ, ದೈವ, ಮದುವೆ, ಕೈತಪ್ಪಿಹೋಗುವ ಭೂಮಿ: ಇವನ್ನೆಲ್ಲ ಕಾದಂಬರಿ ನಿಧಾನವಾಗಿ ಹೇಳಿಕೊಳ್ಳುತ್ತದೆ. ದೋಷಾರೋಪ ಪಟ್ಟಿ ಅಪರಾಧದ ದಿನಾಂಕದಿಂದ ಆರಂಭವಾದರೆ, ಇಲ್ಲಿ ಶಿವಣ್ಣ, ಮಾದಿಯರು ಶಂಕಿತರಾಗುವ ಮೊದಲು ಒಂದು ಲೋಕದ ನಿವಾಸಿಗಳಾಗಿರುತ್ತಾರೆ. ಉತ್ತರಾರ್ಧ ಹೀಗಿಲ್ಲ. ಮಾದಿಯನ್ನು ಶಿಬಿರಕ್ಕೆ ಎಳೆದೊಯ್ದ ಮೇಲೆ ಹಿಂಸೆಯ ಪ್ರಸಂಗಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಪೊಲೀಸ್ ಪಾತ್ರಗಳು ಚಪ್ಪಟೆಯಾಗುತ್ತವೆ. ಕಾದಂಬರಿಕಾರನ ಮೇಲೆ ವಕೀಲನ ಕೈ ಮೇಲಾಗುತ್ತದೆ. ಇದು ದೋಷವೇ ಸರಿ. ಆದರೂ ಯಾವ ಕಡತಕ್ಕೆ ಉತ್ತರವಾಗಿ ಇದು ಬರೆಯಲ್ಪಟ್ಟಿತೆಂಬುದನ್ನು ಮರೆಯಲಾಗದು.

ಕೇಂದ್ರದ ಟಾಡಾ ಕಾಯ್ದೆಯ 15ನೇ ಕಲಮು ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತ್ತು. ಅಕ್ಷರವರಿಯದ ಸೋಲಿಗನ ಹೇಳಿಕೆ ಎಂದರೆ ಇನ್ನೊಬ್ಬರು ಬರೆದು ಇವನು ಹೆಬ್ಬೆಟ್ಟೊತ್ತಿದ ಗದ್ಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯು ದೂರುದಾರರ ಬಾಯಿಂದಲೇ ಕೇಳಿತು. ಸಮಿತಿಯ ಇನ್ನೊಬ್ಬ ಸದಸ್ಯ ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್. 2007ರಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿಗಳ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಸಮಿತಿಯ ಲೆಕ್ಕದಲ್ಲಿ ಮಾದಿಯಂಥವಳು ಒಬ್ಬ ದೂರುದಾರಳು. ಕಾದಂಬರಿಯಲ್ಲಿ ಅವಳಿಗೆ ಹಟ್ಟಿಯಿದೆ, ಮಗಳಿದ್ದಾಳೆ, ಆದರೆ ಮಾತು ತಮಿಳಿನದು.

ಈ ಕೃತಿಯನ್ನು ಕನ್ನಡದಲ್ಲಿ ಓದಿಸಲು ಹೊರಟವರಿಗೆ ತೊಡಕು ಎದುರಾಗುವುದು ಇಲ್ಲಿಯೇ. ಮಾದಿಯ ಮಾತನ್ನು ಮೈಸೂರಿನ ಶಿಷ್ಟ ಕನ್ನಡಕ್ಕೆ ತಂದರೆ ಅದು ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ಪ್ರಶ್ನೆ ಕೇಳಿದವರ ನುಡಿಗೆ ಸಮೀಪವಾಗುತ್ತದೆ. ಸೋಲಿಗ ನುಡಿಗೆ ತಂದರೆ ಕನ್ನಡ ಓದುಗ ತುಸು ತಡವರಿಸುತ್ತಾನೆ. ಎರಡನೆಯದೇ ವಾಸಿ.