ಫ್ರಿಕ್ ಮನೆಯ ಗೋಡೆಗಳು

ನ್ಯೂಯಾರ್ಕಿನ ಫ್ರಿಕ್ ಕಲೆಕ್ಷನ್‌ನ ದೊಡ್ಡ ಹಜಾರದಲ್ಲಿ, ಅಗ್ಗಿಷ್ಟಿಕೆಯ ಎಡಬಲಕ್ಕೆ ಹೋಲ್ಬೈನ್ ಬರೆದ ಎರಡು ಭಾವಚಿತ್ರಗಳಿವೆ: ಒಂದು ಥಾಮಸ್ ಮೋರ್‌ನದು, ಇನ್ನೊಂದು ಥಾಮಸ್ ಕ್ರಾಮ್ವೆಲ್‌ನದು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಮೋರ್‌ನ ಪತನಕ್ಕೆ ಕೈಹಾಕಿದವನೇ ಕ್ರಾಮ್ವೆಲ್. 1535ರಲ್ಲಿ ಮೋರ್‌ನ ತಲೆ ಉರುಳಿತು, 1540ರಲ್ಲಿ ಕ್ರಾಮ್ವೆಲ್‌ನದೂ ಉರುಳಿತು. ಇಬ್ಬರ ನಡುವೆ ಎಲ್ ಗ್ರೆಕೋನ ಸಂತ ಜೆರೋಮ್. ಎದುರು ಗೋಡೆಯಲ್ಲಿ ಬೆಲ್ಲಿನಿಯ ಸಂತ ಫ್ರಾನ್ಸಿಸ್, ಬರಿಗಾಲಲ್ಲಿ ಬೆಳಕಿಗೆ ಎದೆಯೊಡ್ಡಿ ನಿಂತಿದ್ದಾನೆ. ದೇಶವಾರು, ಕಾಲವಾರು ವಿಂಗಡಿಸುವ ಮ್ಯೂಸಿಯಂನಲ್ಲಿ ಈ ನಾಲ್ವರೂ ಒಂದೇ ಕೋಣೆಗೆ ಬರುವುದು ಕಷ್ಟ. ಇದು ಮೊದಲು ವಾಸದ ಮನೆ; ಮನೆಯೊಡೆಯ ಫ್ರಿಕ್ ತನಗೆ ಇಷ್ಟವಾದಂತೆ ತೂಗುಹಾಕಿದ್ದರಿಂದಲೇ ಅಧಿಕಾರವೂ ವೈರಾಗ್ಯವೂ ಇಲ್ಲಿ ಮುಖಾಮುಖಿಯಾಗಿವೆ. ಫ್ರಿಕ್ ಕಲೆಕ್ಷನ್ನಿನ ನಿಜವಾದ ಹಿರಿಮೆ ಇದು.

ಹೆನ್ರಿ ಕ್ಲೇ ಫ್ರಿಕ್ ಕೋಕ್ ಇಂಧನ ಮತ್ತು ಉಕ್ಕಿನ ಉದ್ಯಮದಲ್ಲಿ ಹಣ ಮಾಡಿದವನು. 1914ರಲ್ಲಿ ಈ ಮನೆ ಸೇರಿ 1919ರಲ್ಲಿ ತೀರಿಕೊಂಡ. ಅವನ ಉಯಿಲಿನಂತೆ ಮನೆ ಮ್ಯೂಸಿಯಂ ಆಗಿ 1935ರಲ್ಲಿ ಜನರಿಗೆ ತೆರೆಯಿತು. ದೀರ್ಘ ನವೀಕರಣದ ಬಳಿಕ 2025ರ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ತೆರೆದಾಗ, ಕುಟುಂಬ ವಾಸಿಸುತ್ತಿದ್ದ ಮಹಡಿಯ ಕೋಣೆಗಳಿಗೂ ಮೊದಲ ಬಾರಿ ಪ್ರವೇಶ ಸಿಕ್ಕಿತು. ಫ್ರಾಗೊನಾರ್‌ನ ಪ್ರಣಯ ಚಿತ್ರಗಳ ಕೋಣೆ ಮಾತ್ರ ನನಗೆ ಅತಿಯಾದ ಸಿಹಿ. ಅಲ್ಲಿ ಚಿತ್ರಗಳು ಪೀಠೋಪಕರಣಗಳ ಜೊತೆಗೆ ಅಲಂಕಾರವಾಗಿಬಿಡುತ್ತವೆ. 1658ರ ರೆಂಬ್ರಾಂಟ್ ಆತ್ಮಚಿತ್ರದ ಮುಂದೆ ನಿಂತರೆ ಆ ದೂರು ಮರೆತುಹೋಗುತ್ತದೆ. ದಿವಾಳಿಯೆದ್ದ ಕಲಾವಿದ ತನ್ನನ್ನು ದೊರೆಯಂತೆ ಚಿತ್ರಿಸಿಕೊಂಡಿದ್ದಾನೆ.

ಚಿತ್ರಗಳ ಪಕ್ಕದಲ್ಲಿ ಉದ್ದುದ್ದ ವಿವರಣೆಗಳಿಲ್ಲ. ಓದುವುದು ಕಡಿಮೆಯಾದಷ್ಟೂ ನೋಡುವುದು ಹೆಚ್ಚುತ್ತದೆ, ಆದ್ದರಿಂದ ಇದು ಸರಿಯಾದ ಕ್ರಮವೇ. ಆದರೆ ಇದೇ ಮೌನ ಮನೆಯೊಡೆಯನಿಗೂ ಆಸರೆಯಾಗಬಾರದು. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘವನ್ನು ಮುರಿಯಲು ನಿಂತವನು ಈ ಫ್ರಿಕ್. ಅವನು ಕರೆಸಿದ ಪಿಂಕರ್ಟನ್ ಕಾವಲುಪಡೆಗೂ ಕಾರ್ಮಿಕರಿಗೂ ನದಿದಂಡೆಯಲ್ಲಿ ಗುಂಡಿನ ಕಾಳಗ ನಡೆದು ಎರಡೂ ಕಡೆ ಜನ ಸತ್ತರು. ಅದೇ ತಿಂಗಳು ಅರಾಜಕತಾವಾದಿ ಅಲೆಕ್ಸಾಂಡರ್ ಬರ್ಕ್‌ಮನ್ ಫ್ರಿಕ್‌ನ ಕಚೇರಿಗೇ ನುಗ್ಗಿ ಗುಂಡು ಹಾರಿಸಿದ. ಫ್ರಿಕ್ ಬದುಕುಳಿದ, ಸಂಘ ಸೋತಿತು. ಬೆಲ್ಲಿನಿಯ ಬಡಸಂತ ಈ ಗೋಡೆಗೆ ಬಂದದ್ದು ಆ ಸಂಪತ್ತಿನಿಂದ.

ಇದರಿಂದ ಚಿತ್ರದ ಬೆಲೆ ಕುಗ್ಗುವುದಿಲ್ಲ. ಆದರೆ ಮನೆಯನ್ನೇ ಮ್ಯೂಸಿಯಂ ಮಾಡಿದ ಮೇಲೆ ಮನೆಯ ಲೆಕ್ಕವೂ ಪ್ರದರ್ಶನದ ಭಾಗವೇ. ಹಜಾರ ಈಗಿರುವಂತೆಯೇ ಇರಲಿ. ಹೊಸದಾಗಿ ತೆರೆದ ಮಹಡಿಯಲ್ಲಿ ಒಂದಿಡೀ ಕೋಣೆಯನ್ನು ಹೋಮ್‌ಸ್ಟೆಡ್‌ನ ಕಾರ್ಮಿಕರಿಗೆ ಮೀಸಲಿಡಬೇಕು.