ಹತ್ತಿ ಹೊಲದಾಗಿನ ರೈಲು

ಡಿಸೆಂಬರ್ ಬಂತಂದ್ರೆ ನನ್ನ ಮೊಬೈಲ್ ತುಂಬಾ ರೈಲಿನ ಫೋಟೋಗಳು. ಕಾಶ್ಮೀರದ ಬನಿಹಾಲ್–ಬಾರಾಮುಲ್ಲಾ ದಾರಿಯಲ್ಲಿ ಹಿಮ ಸೀಳಿಕೊಂಡು ಬರುವ ರೈಲಂತೂ ಪ್ರತಿ ವರ್ಷ ಇದ್ದೇ ಇರುತ್ತದೆ. ನೋಡಲಿಕ್ಕೆ ಚೆಂದ, ಸುಳ್ಳು ಹೇಳಲ್ಲ. ಆದರೆ ರಾಯಚೂರು ಕಡೆ ಕ್ಯಾಮೆರಾ ಹಿಡಿದು ಓಡಾಡುವ ನಾವೂ ಅದೇ ಹಿಮವನ್ನು ಇಲ್ಲಿ ಹುಡುಕುತ್ತೇವಲ್ಲ, ನನ್ನ ತಕರಾರು ಅದರ ಮೇಲೆ.

ಹುಡುಕಿದರೆ ಸಿಗುತ್ತದೆ ಅನ್ನಿ. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ 1871ರಲ್ಲಿ ಕೂಡಿದ್ದೇ ರಾಯಚೂರಿನಲ್ಲಿ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಬೆಳಿಗ್ಗೆ ಬಿಸಿಲು ಬೋಗಿಗಳ ಮೈಮೇಲೆ ಅಡ್ಡಡ್ಡ ಬೀಳುತ್ತದೆ. ಕೃಷ್ಣಾ ಹೊಳೆ ಮೇಲೆ ಮಂಜು, ಶಕ್ತಿನಗರದ ಚಿಮಣಿಗಳ ಹೊಗೆ, ಎರೆ ಹೊಲದಲ್ಲಿ ಅರಳಿ ನಿಂತ ಹತ್ತಿ. ಎಡಿಟಿಂಗ್‌ನಲ್ಲಿ ವೈಟ್ ಬ್ಯಾಲೆನ್ಸ್ ಒಂಚೂರು ನೀಲಿ ಕಡೆ ಎಳೆದರೆ ಆಯ್ತು, ರಾಯಚೂರೂ ಸ್ವಿಟ್ಜರ್ಲೆಂಡ್!

ಇಂಥ ಫೋಟೋ ಒಂದನ್ನು ನಾನೇ ತೆಗೆದಿದ್ದೆ. ಜನವರಿ ಕೊನೆ. ಮುಂದೆ ಬೆಳ್ಳಗೆ ಹತ್ತಿ, ಹಿಂದೆ ನೀಲಿ ಪ್ಯಾಸೆಂಜರ್ ರೈಲು. ಲೈಕುಗಳೂ ಬಂದವು. ದೇವದುರ್ಗ ತಾಲೂಕಿನ ನಮ್ಮೂರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅಪ್ಪ ರೈಲು ನೋಡಲೇ ಇಲ್ಲ. "ಯಾರ್ದಲೇ ಈ ಹೊಲ? ಸಂಕ್ರಾಂತಿ ಆದ್ರೂ ಹತ್ತಿ ಬಿಡಿಸಿಲ್ಲಲ್ಲ. ಆಳು ಸಿಕ್ಕಿಲ್ಲ ಪಾಪ" ಅಂದ.

ನಾನು ಹಿಮ ಅಂದುಕೊಂಡದ್ದು ಅಪ್ಪನಿಗೆ ಒಬ್ಬ ರೈತನ ನಷ್ಟವಾಗಿ ಕಂಡಿತ್ತು. ಆ ಹತ್ತಿ ಬಿಡಿಸಬೇಕಾದ ಕೈಗಳು ಅದೇ ರೈಲಿನಲ್ಲಿ ಗುಳೆ ಹೊರಟಿದ್ದವೋ ಏನೋ. ಫೋಟೋದಲ್ಲಿ ಗೊತ್ತಾಗುವ ಹಾಗಿಲ್ಲ. ನಾನು ಎಕ್ಸ್‌ಪೋಷರ್ ಇಟ್ಟಿದ್ದು ಹತ್ತಿಯ ಬಿಳುಪಿಗೆ, ಹಾಗಾಗಿ ಕಿಟಕಿಗಳೆಲ್ಲ ಕಪ್ಪು. ಪ್ಯಾಸೆಂಜರ್ ರೈಲಿನ ಫೋಟೋ, ಅದರಲ್ಲಿ ಒಬ್ಬ ಪ್ಯಾಸೆಂಜರೂ ಇಲ್ಲ.

"ಎಲ್ಲದರಾಗೂ ಕಷ್ಟ ಯಾಕ ತುರುಕ್ತಿ? ಫೋಟೋ ಚೆಂದ ಇದ್ರ ಸಾಕು" ಅಂತ ಗೆಳೆಯ ಬೈದ. ಕಷ್ಟ ತೋರಿಸಿ ಅಂತ ನಾನೂ ಹೇಳ್ತಿಲ್ಲ. ಕಷ್ಟವನ್ನೇ ಹುಡುಕಿಕೊಂಡು ಹೋಗುವ ಕ್ಯಾಮೆರಾವೂ ಅಷ್ಟೇ ಕುರುಡು. ಚೌಕಟ್ಟಿನೊಳಗೆ ಇರುವುದು ಏನು ಅಂತ ತೆಗೆಯುವವನಿಗೆ ಗೊತ್ತಿರಲಿ ಅನ್ನೋದಷ್ಟೇ ನನ್ನ ಮಾತು. ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ'ಯ ರೈಲಿನ ದೃಶ್ಯಕ್ಕೆ 1952ರಲ್ಲಿ ಬಿಳಿ ಹೂವಿನ ಕಾಶ್ ಹುಲ್ಲಿನ ಬಯಲಲ್ಲಿ ಚಿತ್ರೀಕರಣ ಶುರು ಮಾಡಿದರು. ಮುಂದಿನ ವಾರ ಬಂದು ನೋಡಿದರೆ ದನಗಳು ಹೂವೆಲ್ಲ ಮೇದುಬಿಟ್ಟಿದ್ದವು! ಅವರು ಮುಂದಿನ ವರ್ಷದ ಹೂವಿಗೆ ಕಾಯಬೇಕಾಯಿತು. ನಮಗೆ ಹಿನ್ನೆಲೆ ಆದದ್ದು ಇನ್ಯಾರಿಗೋ ಮೇವು. ಆ ದೃಶ್ಯದಲ್ಲಿ ರೈಲಿಗಿಂತ ಹೆಚ್ಚು ನೆನಪಲ್ಲಿ ಉಳಿಯುವುದು ಅದನ್ನು ನೋಡಲು ಓಡುವ ಅಕ್ಕ ತಮ್ಮ.

ದೇವದುರ್ಗದ ಹುಡುಗರಿಗೆ ರೈಲು ಈಗಲೂ ರಾಯಚೂರಿಗೆ ಬಸ್ ಹಿಡಿದು ಹೋಗಿ ನೋಡುವ ವಸ್ತುವೇ. ಮಾನ್ವಿ ಮೇಲೆ ಹಾದುಹೋಗಬೇಕಾದ ಗಿಣಿಗೇರಾ–ಮಹಬೂಬನಗರ ಮಾರ್ಗ ಮಂಜೂರಾಗಿದ್ದು ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗ್ತಿದ್ದಾಗ, 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ನಾಳೆ ಮಾನ್ವಿಯಲ್ಲೂ ರೈಲು ನಿಲ್ಲುತ್ತದೆ, ಅವತ್ತು ನಾವೆಲ್ಲ ಕ್ಯಾಮೆರಾ ಹಿಡಿದು ಭತ್ತದ ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತಿರುತ್ತೇವೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾದವರು ಕಿಟಕಿಯಲ್ಲಿ ಕೂತಿರುತ್ತಾರೆ.

ಅವತ್ತಿಗಾದರೂ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸೋಣ. ಬಿಳಿ ಸುಟ್ಟುಹೋದರೆ ಹೋಗಲಿ, ಒಳಗಿದ್ದವರ ಮುಖ ಕಾಣಲಿ.